ಡ್ರೋನಿಗೆ ತುಂಬಿದ ಮಡಿಲಕ್ಕಿ

ನಾನು ಅಂಥ ಒಳ್ಳೆಯವಳೇನಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕಿದ್ದನ್ನು ಬರೆಯುವುದು ಸುಲಭ.

ಚಾಮರಾಜನಗರದಲ್ಲಿ ರವಿಕೆ ಹೊಲಿದುಕೊಂಡಿದ್ದ ನನ್ನನ್ನೂ ಉಡಿಗಾಲದಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಅಕ್ಕನನ್ನೂ ಗುಂಡ್ಲುಪೇಟೆ ರಸ್ತೆಯ ಶೆಡ್ಡೊಂದರಲ್ಲಿ ಕೆಲಸಕ್ಕೆ ತೆಗೆದುಕೊಂಡರು. ಅಲ್ಲಿ ಸೈನ್ಯಕ್ಕೆಂದು ಡ್ರೋನ್ ಮಾಡುತ್ತಿದ್ದರು. ಶತ್ರುವಿನ ಡ್ರೋನ್ ಬಂದರೆ ಇದು ತಾನೇ ಗುರುತು ಹಿಡಿದು, ತಾನೇ ಅಟ್ಟಿಸಿಕೊಂಡು ಹೋಗಿ, ಬಲೆ ಬೀಸಿ ಕೆಡವಬೇಕು. ಆಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು ನೆಲಕ್ಕಿಳಿಯಬೇಕು, ಮಾರನೆಯ ದಿನ ಮತ್ತೆ ಹಾರಬೇಕು. ಆ ಪ್ಯಾರಾಚೂಟ್ ಹೊಲಿದು ಮಡಿಸುವುದು ನನ್ನ ಕೆಲಸ. ಅದನ್ನು ಚೀಲಕ್ಕೆ ತುಂಬಿ ಡ್ರೋನಿಗೆ ಕಟ್ಟುವುದು ಅಕ್ಕನದು.

ಬಟ್ಟೆಯೋ, ಹಾಳಾದ್ದು, ಕೈಯಲ್ಲಿ ನಿಲ್ಲದೆ ಜಾರುತ್ತಿತ್ತು. ಟೈಲರ್ ಬುದ್ಧಿ ಎಲ್ಲಿ ಹೋಗುತ್ತೆ? ಪದರಗಳು ಅಲುಗದ ಹಾಗೆ ಮೇಲೆ ನಾಲ್ಕು ಕಚ್ಚಾ ಹೊಲಿಗೆ ಹಾಕುತ್ತಿದ್ದೆ, ಅಕ್ಕನ ಕೈಗೆ ಕೊಡುವ ಮುಂಚೆ ದಾರ ಎಳೆದು ತೆಗೆದುಬಿಡುತ್ತಿದ್ದೆ. ಈ ಉಪಾಯ ಯಾರಿಗೂ ಹೇಳಿರಲಿಲ್ಲ.

ಸೈನ್ಯದ ಅಧಿಕಾರಿಗಳು ಪರೀಕ್ಷೆ ನೋಡುವ ದಿನ ಜೀಪುಗಳು ಬೇಗನೆ ಬಂದುಬಿಟ್ಟವು. ಕೊಡು ಕೊಡು ಎಂದು ಎಲ್ಲರ ಕೂಗಾಟ. ನಾನು ಮಡಿಸಿದ್ದನ್ನು ಹಾಗೇ ಕೊಟ್ಟೆ. ಅಕ್ಕ ಚೀಲಕ್ಕೆ ತುಂಬಿ, ಸೆರಗಿನ ಗಂಟು ಬಿಚ್ಚಿ ನಾಲ್ಕು ಕಾಳು ಅಕ್ಕಿ, ಒಂದು ಅರಿಶಿನದ ಕೊಂಬು ಒಳಗಿಟ್ಟಳು.

“ಅಯ್ಯೋ, ಏನಕ್ಕ ಇದು?”

“ಮಡಿಲಕ್ಕಿ ಕಣಮ್ಮಿ. ಮನೆ ಬುಟ್ಟು ಓಗೋಳ್ನ ಬರಿ ಮಡಿಲಲ್ಲಿ ಕಳಿಸ್ಬಾರ್ದು. ಓಗಿ ಸುಖವಾಗಿ ವಾಪಸ್ ಬರ್ಲಿ.”

“ಇವಳ ಗಂಡನ ಮನೆ ಯಾವೂರಕ್ಕ?” ಎಂದು ನಕ್ಕೆ. ಅವಳೂ ನಕ್ಕಳು.

ಉಮ್ಮತ್ತೂರಿನ ಕಡೆಯ ಬೀಳು ಹೊಲದಲ್ಲಿ ನಮ್ಮ ಡ್ರೋನ್, ಗುರಿಗೆಂದು ಹಾರಿಸಿದ್ದ ಇನ್ನೊಂದು ಡ್ರೋನನ್ನು ಹಿಡಿದು ಕೆಡವಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿಯುವಾಗ ಪ್ಯಾರಾಚೂಟ್ ಬಿಚ್ಚಲೇ ಇಲ್ಲ. ಕಲ್ಲು ಬಿದ್ದ ಹಾಗೆ ಬಿತ್ತು.

ಶೆಡ್ಡಿನಲ್ಲಿ ಚೀಲ ಬಿಚ್ಚಿದಾಗ ಮೇಜಿನ ಮೇಲೆ ಅಕ್ಕಿ ಚೆಲ್ಲಿತು.

“ಥೂ! ಯಾರ್ರೀ ಇದನ್ನ ಹಾಕಿದ್ದು?” ಎಂದು ಶೆಡ್ಡಿನ ಸಾಹೇಬರು ಕಿರುಚಿದರು. ಎಲ್ಲರ ಕಣ್ಣೂ ಅಕ್ಕಿಯ ಮೇಲೆ. ನನಗೆ ಕಂಡಿದ್ದು ಪದರಗಳನ್ನು ಬಿಗಿಹಿಡಿದು ಕೂತಿದ್ದ ನನ್ನ ಬಿಳಿ ದಾರ. ಅಕ್ಕಿ ಗುಡಿಸುವವಳಂತೆ ಬಗ್ಗಿ, ಉಗುರಿನಲ್ಲಿ ಎಳೆದು, ಮುಷ್ಟಿಯೊಳಗೆ ಮುಚ್ಚಿಕೊಂಡೆ.

“ನಾನೇ ಸಾ, ತಪ್ಪಾಯ್ತು,” ಎಂದಳು ಅಕ್ಕ.

ನಾನು ತುಟಿ ಬಿಚ್ಚಲಿಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಮುರಿದ ಡ್ರೋನಿಗೆ ಹೊಸ ರೆಕ್ಕೆ ಹಾಕಿ ವಾರದೊಳಗೆ ಮತ್ತೆ ಹಾರಿಸಿದರು. ಅಕ್ಕನಿಗೆ ಮಾತ್ರ ನಾಳೆಯಿಂದ ಬರಬೇಡ ಎಂದರು. ಅವಳ ಕೆಲಸವನ್ನೂ ನನಗೇ ವಹಿಸಿದರು. ನಾಚಿಕೆಯಿಲ್ಲದೆ ಮಾಡಿದೆ, ಈಗಲೂ ಮಾಡುತ್ತಿದ್ದೇನೆ.

ಹೋದ ತಿಂಗಳು ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಳು. ಈಗ ಹೊಲದ ಕೂಲಿಗೆ ಹೋಗುತ್ತಾಳಂತೆ. ಅಂಗೈ ತುಂಬ ಬೊಬ್ಬೆ. ಇವತ್ತು ಹೇಳಿಯೇಬಿಡಬೇಕು ಎಂದು ಆ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಅವಳೇ ಕಣ್ಣು ತುಂಬಿಕೊಂಡಳು.

“ನನ್ನಿಂದ ನಿನ್ ಅನ್ನಕ್ಕೂ ಕಲ್ಲು ಬಿತ್ತೇನೋ ಅಂತ ಬಾಳ ದಿನ ನಿದ್ದೆ ಬರ್ನಿಲ್ಲ ಕಣಮ್ಮಿ. ನಿಂಗೆ ನನ್ ಮ್ಯಾಲೆ ಕ್ವಾಪ ಇಲ್ಲ ತಾನೆ?”

“ಬುಡಕ್ಕ,” ಎಂದೆ. “ಅದ್ನೆಲ್ಲ ನಾನು ಮನ್ಸಲ್ಲಿ ಇಟ್ಕೊಂಡಿಲ್ಲ.”