ಚಿಟ್ಟೆಯ ಹಿಂದಿನ ಮುಖ

ಹಿತೊಯೋಶಿ ಊರಿನ ತಮೋತ್ಸು ಬಸ್ಸು ಓಡಿಸುವುದನ್ನು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಅಂದಿನಿಂದ ಹಿತ್ತಲಿನ ಹೂವುಗಳೂ ಅಲ್ಲಿಗೆ ಬರುವ ಚಿಟ್ಟೆಗಳೂ ಅವನ ಕ್ಯಾಮೆರಾದ ಪಾಲಾಗಿದ್ದವು. ಹೆಂಡತಿ ಸುಮಿಯೆಯ ಚಿತ್ರ ಮಾತ್ರ ಒಂದೂ ಇರಲಿಲ್ಲ.

ಆಪರೇಷನ್ನಿಗೆ ಆಸ್ಪತ್ರೆ ಸೇರುವ ದಿನ ಬೆಳಿಗ್ಗೆ ಅವಳು ಎತ್ತಿಟ್ಟಿದ್ದ ಬೂದು ಕಿಮೋನೊ ಉಟ್ಟು, ಹಿತ್ತಲಿನ ಕೆಂಪು ಹಿಗನ್ ಹೂಗಳ ನಡುವೆ ಬಂದು ನಿಂತಳು. ಗೋರಿಗಳ ಬಳಿ ಬೆಳೆಯುವ ಆ ಹೂವನ್ನು ಯಾರೂ ಮನೆಯೊಳಗೆ ತರುವುದಿಲ್ಲ.

"ರೀ, ಇವತ್ತು ನನ್ನದೊಂದು ತೆಗೀರಿ. ಮುಖ ಸರಿಯಾಗಿ ಬರ್ಲಿ."

"ಈಗ್ಯಾಕೆ?"

"ಧೂಪದ ಮುಂದೆ ಇಡೋಕೆ ಬೇಕಾಗುತ್ತಲ್ಲ. ಚಿಟ್ಟೆ ಫೋಟೊ ಇಟ್ಟು ಕೈ ಮುಗೀತೀರಾ?" ಎಂದು ನಕ್ಕಳು.

ಅವನಿಗೆ ನಗು ಬರಲಿಲ್ಲ. ಕ್ಯಾಮೆರಾ ಎತ್ತಿದ. ಅಷ್ಟರಲ್ಲಿ ದೊಡ್ಡದೊಂದು ಕಪ್ಪು ಚಿಟ್ಟೆ ಬಂದು ಅವಳ ಮುಂದಿನ ಹೂವಿನ ಮೇಲೆ ಕೂತಿತು. ಸತ್ತವರು ಕರೆಯಲು ಬರುವುದು ಕಪ್ಪು ಚಿಟ್ಟೆಯಾಗಿಯೇ ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಆದರೂ ಪಳಗಿದ ಬೆರಳು ತಾನಾಗಿಯೇ ಚಿಟ್ಟೆಯತ್ತ ಫೋಕಸ್ ತಿರುಗಿಸಿ ಒತ್ತಿತು.

ಕ್ಯಾಮೆರಾದ ಪರದೆಯಲ್ಲಿ ರೆಕ್ಕೆಯ ಒಂದೊಂದು ಗೆರೆಯೂ ಸ್ಪಷ್ಟವಾಗಿತ್ತು. ಹಿಂದಿದ್ದ ಮುಖ ಹೊಗೆಯಂತೆ ಕಲಸಿಹೋಗಿತ್ತು.

"ನಿಲ್ಲು, ಇನ್ನೊಂದು ತೆಗೀತೀನಿ" ಎಂದ. ಬಾಗಿಲಲ್ಲಿ ಟ್ಯಾಕ್ಸಿ ಹಾರನ್ ಹೊಡೆಯಿತು.

"ಒಂದು ಸಾಕು ಬಿಡ್ರಿ" ಎನ್ನುತ್ತ ಅವಳು ಚೀಲ ಎತ್ತಿಕೊಂಡು ನಡೆದಳು.