ಪಕ್ಕದ ಮನೆಯಾಕೆಯ ಸಂಡಿಗೆ

ಸಹಕಾರನಗರದಲ್ಲಿ ನಮ್ಮ ಪಕ್ಕದ ಮನೆಯಾಕೆ ಬೇಸಿಗೆ ಬಂತೆಂದರೆ ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದರು. ಅರ್ಧ ಒಣಗಿದ್ದನ್ನು ಮೋಟುಗೋಡೆಯ ಮೇಲಿಂದ ನೀಡಿ, “ಮೊದ್ಲು ಬಾಯಿಗ್ ಹಾಕ್ಕೊಳ್ಳಿ, ಆಮೇಲ್ ಮಾತಾಡಿ” ಎನ್ನುತ್ತಿದ್ದರು. ಮಗಳ ಸೀಮಂತಕ್ಕೆಂದು ಆ ವರ್ಷ ತಾರಸಿ ತುಂಬ ಇಟ್ಟಿದ್ದರು.

ಗೆದ್ದಲು ತಿಂದ ನಮ್ಮ ಕಿಟಕಿಗಳಿಗೆ ನಾನು ಫೈಬರ್‌ಗ್ಲಾಸ್ ಚೌಕಟ್ಟು ಹಾಕಿಸುತ್ತಿದ್ದೆ. ಅಳತೆಗೆ ಕುಯ್ಯುವಾಗ ಏಳುವ, ಮೈಗೆ ತಾಕಿದರೆ ತುರಿಸುವ ಗಾಜಿನ ಧೂಳು ಮನೆಯೊಳಗೆ ಬೇಡವೆಂದು ಕೆಲಸದವರನ್ನು ನಮ್ಮ ತಾರಸಿಗೆ ಕಳಿಸಿದೆ. ಗಾಳಿ ಆಕೆಯ ಸಂಡಿಗೆಯ ಕಡೆಗೇ ಬೀಸುತ್ತಿತ್ತು. ನೋಡಿಯೂ ಸುಮ್ಮನಿದ್ದೆ.

ಮಧ್ಯಾಹ್ನ ಆಕೆ ಸಂಡಿಗೆಯ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅವರ ಕೈ ಮೊಣಕೈವರೆಗೂ ಕೆರೆದು ಕೆಂಪಾಗಿತ್ತು.

“ಏನ್ರೀ ಇದು? ನಿಮ್ ಕಿಟಕಿ ಚೆಂದಕ್ಕೆ ನಾವ್ ಗಾಜ್ ತಿನ್ಬೇಕಾ?”

“ಅದೇನ್ ವಿಷಾನಾ? ಒಂದ್ಸಲ ಜರಡಿ ಹಿಡೀರಿ, ಹೋಗುತ್ತೆ!” ಎಂದು ನಾನೇ ರೇಗಿದೆ.

“ಹಂಗಾದ್ರೆ ತಗೊಳ್ಳಿ. ಬಾಯಿಗ್ ಹಾಕ್ಕೊಳ್ಳಿ. ಆಮೇಲ್ ಮಾತಾಡಿ!”

ಅಷ್ಟರಲ್ಲಿ ಏನೂ ಅರಿಯದೆ ಒಳಗಿನಿಂದ ಬಂದ ನನ್ನ ಹೆಂಡತಿ, ರೂಢಿಯಂತೆ ತಟ್ಟೆಯಿಂದ ಒಂದು ಸಂಡಿಗೆ ಮುರಿದು ಬಾಯಿಯ ಹತ್ತಿರ ತಂದಳು. ನಾನು ಅವಳ ಕೈಗೆ ಹೊಡೆದು ಬೀಳಿಸಿದೆ.

ಆಕೆ ನನ್ನನ್ನೇ ದಿಟ್ಟಿಸಿದರು.

“ಗೊತ್ತಿತ್ತು ನಿಮ್ಗೆ” ಎಂದಷ್ಟೇ ಹೇಳಿ, ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದರು.