ಆಯಿ ತಿದ್ದಿದ ಮೂಗು

ನಮ್ಮ ಮನೆಯಲ್ಲಿ ಬೆಳೆದ ಪ್ರತಿಯೊಂದು ಮೂಗೂ ಆಯಿಯ ಎರಡು ಬೆರಳುಗಳ ನಡುವೆ ಹಾದು ಬಂದದ್ದೇ. ಬಲಗೈಯ ಹೆಬ್ಬೆರಳು, ತೋರುಬೆರಳು. ಔಡಲ ಎಣ್ಣೆಯಲ್ಲಿ ಅದ್ದಿ, ಕೂಸಿನ ಹುಬ್ಬುಗಳ ನಡುವೆ ಇಟ್ಟು, ಎಮ್ಮೆಯ ಮೊಲೆ ಹಿಂಡಿದ ಹಾಗೆ ಕೆಳಗೆ ಎಳೆಯುತ್ತಿದ್ದಳು. ಕೂಸು ಬಾಯಿ ತೆರೆದು, ಉಸಿರು ಕಟ್ಟಿ, ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿ, ಆಮೇಲೆ ಇಡೀ ಓಣಿಗೆ ಕೇಳುವಂತೆ ಕಿರುಚುತ್ತಿತ್ತು. ಆಯಿ ಅದೇ ಶ್ರುತಿಯಲ್ಲಿ ತಿರುಗಿ ಕಿರುಚುತ್ತಿದ್ದಳು. ತನ್ನದೇ ದನಿ ಬೇರೆಯವರ ಬಾಯಿಂದ ಕೇಳಿ ಕೂಸು ದಂಗಾಗಿ ಸುಮ್ಮನಾಗುತ್ತಿತ್ತು. ಆ ಗಳಿಗೆಯಲ್ಲಿ ಮತ್ತೆರಡು ಸಲ ಮೂಗು ಎಳೆದುಬಿಡುತ್ತಿದ್ದಳು.

ಆಯಿ ಅಂದರೆ ನನ್ನ ಅಪ್ಪನ ತಾಯಿ, ಸಂಗವ್ವ. ನಮ್ಮೂರು ಅಮೀನಗಡದಿಂದ ಹುನಗುಂದದ ಕಡೆ ಹೋಗುವಾಗ ಬಸ್ಸಿನಿಂದ ಇಳಿದು ಒಳಗೆ ನಡೆಯಬೇಕಾದ ಹಳ್ಳಿ. ಮನೆಯ ಹಿಂದೆ ಬಚ್ಚಲು, ಬಚ್ಚಲಿನಲ್ಲಿ ಹಂಡೆ, ಹಂಡೆಯ ಮುಂದೆ ಒಂದು ಮಣೆ. ಆ ಮಣೆಯ ಮೇಲೆ ಆಯಿ ಸೀರೆಯನ್ನು ಮೊಣಕಾಲಿನ ತನಕ ಏರಿಸಿ, ಕಾಲು ಚಾಚಿ ಕುಳಿತರೆ ಅದೇ ಅವಳ ಸಿಂಹಾಸನ. ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕುವುದು, ಅಂಗೈಯಿಂದ ತಲೆ ಗುಂಡಗೆ ಮಾಡುವುದು, ಮೂಗು ತಿದ್ದುವುದು, ಬಿಸಿನೀರು ಎರೆಯುವುದು, ಕೊನೆಗೆ ಕೆಂಡದ ಮೇಲೆ ಅಜವಾನ ಹಾಕಿ ಹೊಗೆ ಹಿಡಿಯುವುದು. ಈ ಕೆಲಸಕ್ಕೆ ಇನ್ನೊಬ್ಬರ ಕೈ ಬೀಳುವಂತಿರಲಿಲ್ಲ. ಹೆತ್ತವಳು ಬಾಗಿಲಾಚೆ ಟವೆಲ್ಲು ಹಿಡಿದು ನಿಂತಿರಬೇಕು, ಅಷ್ಟೇ.

ಸೊಸೆಯಂದಿರನ್ನು ಆಯಿ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ನಮ್ಮವ್ವ ಬಾದಾಮಿಯಾಕಿ. ಅಣ್ಣನ ಹೆಂಡತಿ ಶೋಭಾ ವೈನಿ ಕೆರೂರಾಕಿ. ಕೂಸಿನಲ್ಲಿ ಏನಾದರೂ ಸೊಟ್ಟಗಿದ್ದರೆ ಅದು ಆ ಊರುಗಳಿಂದ ಬಂದದ್ದು, ನೆಟ್ಟಗಿದ್ದರೆ ಅದು ಆಯಿ ತಿದ್ದಿದ್ದು. ಈ ಲೆಕ್ಕದಲ್ಲಿ ನಾನು ಬಾದಾಮಿಯ ಪೂರ್ತಿ ನಷ್ಟ. ನನ್ನ ಮೂಗನ್ನು ಅವಳು ತಿಂಗಳುಗಟ್ಟಲೆ ಎಳೆದಳಂತೆ. ಬಿಟ್ಟ ಕೂಡಲೇ ಅದು ಮತ್ತೆ ಒಳಗೆ ಹೋಗಿ ಕೂರುತ್ತಿತ್ತಂತೆ. ಬೇಸತ್ತು ಒಂದು ದಿನ ಬೀದಿಯವರನ್ನೆಲ್ಲ ಕರೆದು ತೋರಿಸಿದಳು: "ನೋಡ್ರಿ, ಇದು ಮೂಗೇನು? ಹಸಿ ಬೆಲ್ಲದ ಮ್ಯಾಲ ಎಮ್ಮಿ ಕಾಲಿಟ್ಟಂಗೈತಿ." ಅಂದಿನಿಂದ ನನ್ನ ಹೆಸರು ಮೊಂಡ್ಯಾ. ಸಾಲಿಯ ದಾಖಲೆಯಲ್ಲಿ ಬೇರೆ ಹೆಸರಿದೆ; ಅದನ್ನು ಕೂಗಿದರೆ ಈಗಲೂ ನಾನು ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತೇನೆ.

ಮೂಗು ಕೊಡಲಾಗದಿದ್ದರೂ ಆಯಿ ನನಗೆ ಬಾಯಿ ಕೊಟ್ಟಳು. ಅಣಕಿಸುವುದನ್ನು ನಾನು ಕಲಿತದ್ದು ಅವಳ ಮಗ್ಗುಲಲ್ಲಿ. ಊರಲ್ಲಿ ಯಾರದಾದರೂ ಮದುವೆಯಾದರೆ ಈಗ ಮೈಕು ನನ್ನ ಕೈಗೆ ಕೊಡುತ್ತಾರೆ; ಬೀಗರನ್ನು, ಮಾಸ್ತರನ್ನು, ಬಸ್ಸಿನ ಕಂಡಕ್ಟರನನ್ನು ಮಾಡಿ ತೋರಿಸುತ್ತೇನೆ, ಊಟ ಹಾಕುತ್ತಾರೆ. ಮಾಸ್ತರಿಗೆ ಮೂಗು ಹಿಂಡಿಕೊಳ್ಳಬೇಕು, ಕಂಡಕ್ಟರನಿಗೆ ಗಲ್ಲ ಉಬ್ಬಿಸಬೇಕು. ಆಯಿಯನ್ನು ಮಾಡುವಾಗ ಮಾತ್ರ ಮುಖದಲ್ಲಿ ಏನೂ ತಿದ್ದಬೇಕಾಗುತ್ತಿರಲಿಲ್ಲ. ತಲೆಯ ಮೇಲೆ ಟವೆಲ್ಲು ಎಳೆದುಕೊಂಡರೆ ಸಾಕು, ಜನ ಉರುಳಾಡಿ ನಗುತ್ತಿದ್ದರು. ಯಾಕೆಂದು ನಾನು ಆಗ ವಿಚಾರ ಮಾಡಿರಲಿಲ್ಲ. ನನ್ನ ಕಲೆ ಎಂದುಕೊಂಡಿದ್ದೆ.

ವೈನಿ ಚೊಚ್ಚಲ ಹೆರಿಗೆ ಮುಗಿಸಿ, ವೀರೂನನ್ನು ಎತ್ತಿಕೊಂಡು ಕೆರೂರಿನಿಂದ ಬಂದ ದಿನವೇ ಆಯಿ ಕೂಸನ್ನು ಕಸಿದುಕೊಂಡು ಬೆಳಕಿಗೆ ಹಿಡಿದಳು. "ಯಾರ ಮನಿ ಮೂಗಬೇ ಇದು? ತಡಾ ಮಾಡಿ ತಂದೀರಿ. ಇರಲಿ, ಕೈ ಹಚ್ಚಿ ನೋಡ್ತೇನಿ" ಅಂದಳು, ಕೆಟ್ಟ ಪಂಪ್‌ಸೆಟ್ಟು ನೋಡಿದವರ ಹಾಗೆ. ಮರುದಿನದಿಂದ ಬಚ್ಚಲಿನಲ್ಲಿ ವೀರೂನ ಕಿರುಚಾಟ, ಬಾಗಿಲಾಚೆ ವೈನಿಯ ಬಿಕ್ಕು. ಹೊರಗೆ ಬಂದ ಮೇಲೆ ಆಯಿ ಎರಡನ್ನೂ ಮಾಡಿ ತೋರಿಸುತ್ತಿದ್ದಳು. ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ ವೈನಿಯ ಗಂಡ, ಅಂದರೆ ನಮ್ಮಣ್ಣ, ನಗಬಾರದೆಂದು ತಟ್ಟೆಯೊಳಗೆ ಮುಖ ಹಾಕಿಕೊಂಡು ಉಣ್ಣುತ್ತಿದ್ದ.

ಒಂದು ದಿನ ಆಯಿಯ ಉಗುರು ತಾಗಿ ಕೂಸಿನ ಮೂಗಿನ ಮೇಲೆ ಗೀರು ಬಿತ್ತು. ವೈನಿ ಹುನಗುಂದದ ದವಾಖಾನೆಗೆ ಒಯ್ದಳು. ಮೂಗು ಎಳೆದರೆ ಅದು ಉದ್ದವಾಗುವುದಿಲ್ಲ, ಮೂಗಿನೊಳಗೆ ಎಣ್ಣೆ ಬಿಟ್ಟರೆ ಎದೆಗೆ ಇಳಿಯುತ್ತದೆ, ಎರಡನ್ನೂ ಬಿಡಿ ಎಂದು ಡಾಕ್ಟರು ಹೇಳಿದರಂತೆ. ವೈನಿ ಬಂದು ತಗ್ಗಿದ ದನಿಯಲ್ಲಿ ಅದನ್ನೇ ಹೇಳಿದಳು. ಆಯಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಎಂದೂ ನೋಡದ ಆ ಡಾಕ್ಟರನ್ನು ಹಾಗೇ ಎದುರಿಗೆ ತಂದು ನಿಲ್ಲಿಸಿ, ಅವರ ಕೆಮ್ಮು, ಕನ್ನಡಕ, ಇಂಗ್ಲಿಷು ಎಲ್ಲ ಮಾಡಿ, ಕೊನೆಗೆ ಕೇಳಿದಳು: "ಅವನ ಮೂಗು ಯಾರು ತಿದ್ಯಾರಂತ ಕೇಳಿ ಬಂದಿಯೇನಬೇ ಕೆರೂರಾಕಿ?"

ಮರುದಿನ ಬೆಳಿಗ್ಗೆ ಆಯಿ ಏಳುವ ಮೊದಲೇ ವೈನಿ ತಾನೇ ನೀರು ಕಾಯಿಸಿ ಕೂಸಿಗೆ ಎರೆದು, ಅಂಗಿ ತೊಡಿಸಿ, ತೊಟ್ಟಿಲಿಗೆ ಹಾಕಿದಳು. ಕೂಸು ನಿದ್ದೆ ಹೋಗಿತ್ತು. ಆಯಿ ಬಂದು ನೋಡಿದಳು. ಬೈಯಲಿಲ್ಲ. ತೊಟ್ಟಿಲಿನಿಂದ ಕೂಸನ್ನು ಎತ್ತಿ, ಒಂದೊಂದೇ ಗುಂಡಿ ಬಿಚ್ಚಿ, ಬೆತ್ತಲೆ ಮಾಡಿ ಬಚ್ಚಲಿಗೆ ನಡೆದಳು. "ನೀ ಹಾಕಿದ್ದು ನೀರು. ಎರಿಯೂದು ಹೆಂಗಂತ ನೋಡ ಬಾ." ವೀರೂ ಅಂದು ಎರಡು ಸಲ ಮಿಂದ. ಸಂಜೆಗೆ ನೆಗಡಿ ಬಂತು. ನೆಗಡಿ ಬಂದದ್ದು ಮೊದಲನೆಯ ನೀರಿನಿಂದ ಎಂದು ಆಯಿ ಓಣಿಗೆಲ್ಲ ಹೇಳಿ ಬಂದಳು. ವೈನಿ ಮತ್ತೆಂದೂ ಹಂಡೆ ಮುಟ್ಟಲಿಲ್ಲ.

ಅಣ್ಣ ಕೆಲಸ ಮಾಡುವುದು ಅಮೀನಗಡದ ಒಂದು ಕರದಂಟಿನ ಅಂಗಡಿಯಲ್ಲಿ. ಮುರಿದ ಚೂರುಗಳನ್ನು ಪೊಟ್ಟಣ ಕಟ್ಟಿ ತರುತ್ತಿದ್ದ. ಹಂಚುವ ಅಧಿಕಾರ ಆಯಿಯದು. ಅಂದು ಅತ್ತ ಮಗುವಿಗೆ ಚೂರು ಇಲ್ಲ. ಅತ್ತವನನ್ನೇ ಎದುರಿಗೆ ಕೂರಿಸಿಕೊಂಡು, ಅವನ ಪಾಲನ್ನು ತಾನೇ ಬಾಯಿಗಿಟ್ಟು, ಗೋಡಂಬಿ ಸಿಕ್ಕಾಗಲೆಲ್ಲ ಕಣ್ಣು ಮುಚ್ಚಿ ಮೆಲ್ಲುತ್ತಿದ್ದಳು. ಅವನ ತುಟಿ ಅಳಲು ಸೊಟ್ಟಗಾದರೆ ತನ್ನದೂ ಸೊಟ್ಟಗೆ ಮಾಡುತ್ತಿದ್ದಳು. ನಾನೂ ಒಂದು ಕಾಲಕ್ಕೆ ಅಲ್ಲಿ ಕೂತವನೇ. ಕರದಂಟು ನುಂಗುವ ಮುಖ ನನಗೆ ತಿನ್ನದೆಯೇ ಮಾಡಲು ಬರುವುದು ಹಾಗಾಗಿ.

ವೀರೂ ನಾಲ್ಕು ವರ್ಷದವನಾದರೂ ಹಾಸಿಗೆ ಒದ್ದೆ ಮಾಡುತ್ತಿದ್ದ. ಆ ಕೌದಿಯನ್ನು ಹಿತ್ತಲಿನಲ್ಲಿ ಒಣಗಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಯಿ ಅದನ್ನು ಮುಂಬಾಗಿಲ ಕಟ್ಟೆಯ ಮೇಲೆ, ನೀರು ತರುವ ಹೆಂಗಸರು ಹಾದು ಹೋಗುವಲ್ಲಿ ಹರವುತ್ತಿದ್ದಳು. "ಮಲಪ್ರಭಾ ತುಂಬಿ ಬಂದೈತ್ರಿ, ಸರದು ಹೋಗ್ರಿ" ಎಂದು ಕೂಗುತ್ತಿದ್ದಳು. ಊರಿನ ಹುಡುಗರು ಅವನನ್ನು ಮಲಪ್ರಭಾ ಎಂದೇ ಕರೆಯತೊಡಗಿದರು. ಅಂಗನವಾಡಿಗೆ ಹೋಗುವುದಿಲ್ಲ ಎಂದು ಅವನು ಕಂಬ ಹಿಡಿದುಕೊಂಡರೆ ವೈನಿ ಅವನ ಬೆರಳು ಬಿಡಿಸುತ್ತ ತಾನೂ ಅಳುತ್ತಿದ್ದಳು.

ಅಂಥದೇ ಒಂದು ಬೆಳಿಗ್ಗೆ ಆಯಿ ಕೌದಿ ಹರವಿ, "ಮಲಪ್ರಭಾ" ಎಂದು ಶುರು ಮಾಡಿದಳು. ಮಾತು ಅಲ್ಲಿಗೇ ನಿಂತು ಬಾಯಿ ಒಂದು ಕಡೆ ಜಗ್ಗಿತು. ಒಂದು ಕಣ್ಣು ಇಳಿಯಿತು. ಬಲಗೈ ನೇತಾಡಿತು. ಕೊಡ ಹೊತ್ತ ಹೆಂಗಸರು ನಿಂತು ಬಿದ್ದು ಬಿದ್ದು ನಕ್ಕರು. "ಯಾರನ್ನ ಮಾಡಾಕತ್ತೀಯಬೇ ಸಂಗವ್ವ?" ಎಂದು ಒಬ್ಬಾಕೆ ಕೇಳಿದಳು. ಆಯಿ "ಬ್ಬ... ಬ್ಬ" ಅಂದಳು, ನಗು ಇನ್ನೂ ಏರಿತು. ನಾನು ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಎಂಥ ಮುಖ ಮಾಡಿದಳಪ್ಪ ಎಂದು ಬೆರಗಾಗಿ, ಬ್ರಶ್ಶು ತೆಗೆದು, ನನ್ನ ಬಾಯಿಯನ್ನೂ ಹಾಗೇ ಸೊಟ್ಟ ಮಾಡಿ ಅವಳಿಗೆ ತೋರಿಸಿದೆ. ಅವಳು ಕಟ್ಟೆಯಿಂದ ಕೆಳಗೆ ಬಿದ್ದಾಗ ಎಲ್ಲರಿಗೂ ಗೊತ್ತಾಯಿತು, ಅವಳು ಯಾರನ್ನೂ ಮಾಡುತ್ತಿರಲಿಲ್ಲ ಎಂದು.

ಲಕ್ವಾ ಹೊಡೆದಿತ್ತು. ಬಾಗಲಕೋಟೆಯ ಆಸ್ಪತ್ರೆಯಿಂದ ತಿರುಗಿ ಬಂದಾಗ ಬಲಭಾಗ ಪೂರ್ತಿ ಹೋಗಿತ್ತು, ಮಾತೂ ಹೋಗಿತ್ತು. ಪಡಸಾಲೆಯ ಮಂಚದಿಂದ "ಬ್ಬ ಬ್ಬ" ಎನ್ನುತ್ತ ಎಡಗೈಯಿಂದ ಏನೋ ತೋರಿಸುವುದು, ಅವ್ವ ಚಹಾ ತಂದರೆ ಚೆಲ್ಲುವುದು, ನೀರು ತಂದರೆ ಉಗುಳುವುದು. ಒಂದು ದಿನ ನನಗೆ ತಡೆಯಲಾಗದೆ ಅವಳ ದನಿಯಲ್ಲಿ ಅಂದೆ: "ಏ ಬಾದಾಮಿಯಾಕಿ, ಚಾದಾಗ ಸಕ್ರಿ ಹಾಕಾಕ ನಿಮ್ಮಪ್ಪನ ಮನಿಯಿಂದ ತರತೀಯೇನು?" ಅವ್ವ ಬೆಚ್ಚಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ವೀರೂ ನಿಂತಲ್ಲೇ ಒದ್ದೆ ಮಾಡಿಕೊಂಡ. ಮಂಚದ ಮೇಲೆ ಆಯಿಯ ಬಾಯಿಯ ಎಡಮೂಲೆ ಮೇಲಕ್ಕೆ ಹೋಯಿತು. ನಕ್ಕಿದ್ದಳು.

ಅಂದಿನಿಂದ ನಾನು ಅವಳ ಬಾಯಿಯಾದೆ. ಅವಳು ಕಣ್ಣು ತಿರುಗಿಸಿದತ್ತ ನಾನು ಬೈಯುತ್ತಿದ್ದೆ. ಸರಿಯಾದರೆ ಸುಮ್ಮನಿರುತ್ತಿದ್ದಳು, ತಪ್ಪಾದರೆ ಎಡಗೈಯಿಂದ ಕೌದಿ ಗುದ್ದುತ್ತಿದ್ದಳು. ಗುದ್ದಿದ್ದು ಕಡಿಮೆ. ಮನೆ ಮತ್ತೆ ಮೊದಲಿನ ಹಾಗೆ ಅವಳ ಮಾತಿನ ಮೇಲೆ ನಡೆಯತೊಡಗಿತು.

ಬಚ್ಚಲಿನಲ್ಲಿ ಮಾತ್ರ ಹಾಗಾಗಲಿಲ್ಲ. ಅವ್ವನಿಗೆ ಸೊಂಟ ನೋವು, ಆದ್ದರಿಂದ ಆಯಿಗೆ ಎರೆಯುವುದು ವೈನಿಯ ಪಾಲಿಗೆ ಬಂತು. ಅದೇ ಹಂಡೆ, ಅದೇ ಮಣೆ. ಬಾಗಿಲು ಹಾಕಿಕೊಂಡ ಮೇಲೆ ನೀರು ಸುರಿಯುವ ಸದ್ದು, ನಡುವೆ ವೈನಿಯ ಮೆತ್ತನೆಯ ದನಿ: "ಬಿಸಿ ಆತನ್ರಿ ಆಯಿ?" ಒಳಗೆ ನಾನಿರುತ್ತಿರಲಿಲ್ಲ, ಹಾಗಾಗಿ ಆಯಿಗೆ ಬಾಯಿಯೂ ಇರುತ್ತಿರಲಿಲ್ಲ. ಉತ್ತರ ಬಾರದಿದ್ದರೆ ವೈನಿ ಮತ್ತೊಂದು ತಂಬಿಗೆ ಸುರಿಯುತ್ತಿದ್ದಳು. ಹೊರಗೆ ಬಂದಾಗ ಆಯಿಯ ಮೈ ಬೀಟ್‌ರೂಟಿನಂತಿರುತ್ತಿತ್ತು. ಬೊಬ್ಬೆ ಎದ್ದದ್ದಿಲ್ಲ. ವೈನಿಗೆ ನೀರಿನ ಹದ ಗೊತ್ತಿತ್ತು.

ಎರಡನೆಯ ಕೂಸು ಹುಟ್ಟಿತು, ಹೆಣ್ಣು. ವೈನಿ ಕೆರೂರಿನಿಂದ ಅದನ್ನು ಕರೆತಂದ ದಿನ ಆಯಿ ಬೆಳಿಗ್ಗೆಯಿಂದಲೇ ಗೋಡೆಗೆ ಆನಿಸಿ ಕೂರಿಸಿಕೊಂಡು ಕಾಯುತ್ತಿದ್ದಳು. ಕೂಸು ಪಡಸಾಲೆಗೆ ಬಂದ ಕೂಡಲೇ ಎಡಗೈಯಿಂದ ಚಾಚಿದ ಕಾಲುಗಳನ್ನು ತಟ್ಟಿ ತೋರಿಸಿದಳು. ನಾನು ಹೇಳಬೇಕಾಗಿಯೇ ಇರಲಿಲ್ಲ. ಆದರೂ ರೂಢಿ, ಅವಳ ದನಿಯಲ್ಲಿ ಅಂದೆ: "ಕೂಸಿನ್ನ ತಾ. ಎಣ್ಣಿ ತಾ. ಯಾರ ಮನಿ ಮೂಗು ತಂದೀ ನೋಡ್ತೇನಿ."

ವೈನಿ ನನ್ನ ಮುಖ ನೋಡಿದಳು, ಆಯಿಯ ಮುಖ ನೋಡಿದಳು. ಕೊಡುವುದಿಲ್ಲ ಎನ್ನುತ್ತಾಳೆ ಎಂದು ಅಣ್ಣ ಆಗಲೇ ಹೊರಗೆ ಹೊರಟಿದ್ದ. ಅವಳು ಹಾಗೆ ಅನ್ನಲಿಲ್ಲ. ಕೂಸನ್ನು ತಂದು ಆಯಿಯ ಕಾಲುಗಳ ಮೇಲೆ ಮಲಗಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. ಆಯಿಯ ಎಡಗೈ ಮುಂದೆ ಬಂತು. ಹೆಬ್ಬೆರಳು ಕೂಸಿನ ಮೂಗನ್ನು ಮುಟ್ಟುವಷ್ಟರಲ್ಲಿ ವೈನಿ ಆ ಮಣಿಕಟ್ಟು ಹಿಡಿದಳು. ಹಿಡಿದ ಕೈಯನ್ನು ಮೆಲ್ಲಗೆ ಮೇಲೆತ್ತಿ ಆಯಿಯ ಸ್ವಂತ ಮೂಗಿನ ಮೇಲೆ ಇಟ್ಟಳು. ಆಮೇಲೆ ಕೂಸಿನ ಮೂಗಿನ ಮೇಲೆ. ಮತ್ತೆ ಆಯಿಯ ಮೂಗಿನ ಮೇಲೆ.

"ಇದು ಕೆರೂರಿಂದಲ್ರಿ ಆಯಿ" ಅಂದಳು. "ಚಲೋತ್ನ್ಯಾಗ ಮುಟ್ಟಿ ನೋಡ್ರಿ."

ಅಷ್ಟು ವರ್ಷ ನಾವು ಯಾರೂ ಆಯಿಯ ಮೂಗನ್ನು ನೋಡಿರಲಿಲ್ಲ. ಅವಳ ಎದುರಿಗೆ ನಿಂತವರ ಕಣ್ಣೆಲ್ಲ ಅವಳ ಬಾಯಿಯ ಮೇಲೆ, ಈಗ ಏನು ಬರುತ್ತದೋ ಎಂದು. ಈಗ ಬಾಯಿ ಸತ್ತಿತ್ತು, ಮೂಗು ಉಳಿದಿತ್ತು. ಹಸಿ ಬೆಲ್ಲದ ಮೇಲೆ ಎಮ್ಮೆ ಕಾಲಿಟ್ಟಂತೆ. ಅಪ್ಪ ತನ್ನ ಮೀಸೆಯ ಮೇಲೆ ಕೈ ಇಟ್ಟುಕೊಂಡ. ಅದರ ಮೇಲೆ ಇದ್ದದ್ದೂ ಅದೇ ಮೂಗು. ನಾನು ನನ್ನದನ್ನು ಮುಟ್ಟಿಕೊಳ್ಳಲಿಲ್ಲ. ಎಲ್ಲರೂ ನನ್ನತ್ತ ನೋಡುತ್ತಿದ್ದರು, ಆಯಿ ಏನನ್ನುತ್ತಾಳೆ ಎಂದು. ದನಿ ಗಂಟಲಲ್ಲಿ ಸಿದ್ಧವಿತ್ತು. ಆಯಿಯ ಕಣ್ಣು ನನ್ನತ್ತ ತಿರುಗಲೇ ಇಲ್ಲ. ಅವಳು ಕೂಸಿನ ಮೂಗನ್ನು ಮತ್ತೊಮ್ಮೆ ಹಿಡಿದು, ಇದ್ದಷ್ಟು ಶಕ್ತಿ ಹಾಕಿ ಎಳೆದಳು. ಎಡಗೈಯಲ್ಲಿ ಶಕ್ತಿ ಎಲ್ಲಿತ್ತು? ಕೂಸು ಅಳಲೂ ಇಲ್ಲ, ಸೀನಿತು. ವೈನಿ ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಆಯಿ ನನಗೆ ಆಡಲು ಒಂದು ಮಾತನ್ನೂ ಕೊಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಚಹಾದಲ್ಲಿ ಸಕ್ಕರೆ ಇದ್ದರೂ ಕುಡಿದಳು, ಇಲ್ಲದಿದ್ದರೂ ಕುಡಿದಳು. ಆ ಚಳಿಗಾಲ ಮುಗಿಯುವುದರೊಳಗೆ ಹೋದಳು. ಕೊನೆಯ ಸಲ ಎರೆದದ್ದೂ ವೈನಿಯೇ. ನಾನು ಬಾಗಿಲಾಚೆ ಬಿಸಿನೀರಿನ ಬಕೆಟ್ಟು ಹಿಡಿದು ನಿಂತಿದ್ದೆ. ಒಳಗಿನಿಂದ ರೂಢಿಯ ದನಿ ಬಂತು: "ಬಿಸಿ ಆತನ್ರಿ ಆಯಿ?" ಉತ್ತರ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ದಿನಕರ್ಮವೆಲ್ಲ ಮುಗಿದ ಮೇಲೆ, ರೊಟ್ಟಿ ಬಡಿಯುತ್ತ ಅವ್ವ ಒಂದು ಮಾತು ಹೇಳಿದಳು. ಆಯಿ ಈ ಮನೆಗೆ ಸೊಸೆಯಾಗಿ ಬಂದಾಗ ಅವಳ ಅತ್ತೆ ಅವಳನ್ನು ಮೊಂಡಿ ಎಂದೇ ಕರೆಯುತ್ತಿದ್ದಳಂತೆ. ಸಾಯುವ ತನಕ ಬೇರೆ ಹೆಸರು ಹಿಡಿಯಲಿಲ್ಲವಂತೆ. ಹೇಳಿ, ಅವ್ವ ರೊಟ್ಟಿ ತಿರುವಿ ಹಾಕಿದಳು.

ಈಗ ಊಟದ ಹೊತ್ತಿಗೆ ವೈನಿಯೇ ನನ್ನನ್ನು ಕರೆಯುತ್ತಾಳೆ. ವೀರೂ ಸಾಲಿಗೆ ಹೋಗುವ ದೊಡ್ಡವನಾದರೂ ಉಣ್ಣಲು ಹಟ ಮಾಡುತ್ತಾನೆ. "ಮೊಂಡ್ಯಾ, ಒಂದೀಟ ಆಯಿನ್ನ ಕರೀಪಾ" ಎನ್ನುತ್ತಾಳೆ. ನಾನು ತಲೆಯ ಮೇಲೆ ಟವೆಲ್ಲು ಎಳೆದುಕೊಂಡು ಒಳಗೆ ಬರುತ್ತೇನೆ. ವೀರೂ ಎರಡೇ ತುತ್ತಿಗೆ ತಟ್ಟೆ ಖಾಲಿ ಮಾಡುತ್ತಾನೆ. ವೈನಿಯ ಸಣ್ಣ ಮಗಳು ಸಮೂಗೆ ಮಾತ್ರ ಹೆದರಿಕೆ ಇಲ್ಲ. ಆಯಿಯ ನೆನಪೇ ಇಲ್ಲದ ಅವಳು ಆ ಮೂಗು ಅರಳಿಸಿಕೊಂಡು ನಗುತ್ತಾಳೆ, ಮತ್ತೊಮ್ಮೆ ಮಾಡು ಎಂದು ಚಪ್ಪಾಳೆ ತಟ್ಟುತ್ತಾಳೆ.

ಮೊನ್ನೆ ವೀರೂನ ಊಟ ಮುಗಿಸಿ, ತಲೆಯ ಮೇಲಿನ ಟವೆಲ್ಲಿನೊಂದಿಗೇ ನಾನು ಹಿಂದೆ ಬಂದಾಗ ಬಚ್ಚಲಿನ ಬಾಗಿಲಲ್ಲಿ ಅವಳು ಆಟಕ್ಕೆ ಕೂತಿದ್ದಳು. ಅಂಗಿಯನ್ನು ಮೊಣಕಾಲಿನ ತನಕ ಏರಿಸಿ, ಕಾಲು ಚಾಚಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಗೊಂಬೆ ಮಲಗಿಸಿದ್ದಳು. ಹಾಗೆ ಕೂರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಎರಡು ಬೆರಳಿನಿಂದ ಗೊಂಬೆಯ ಮೂಗು ಹಿಂಡುತ್ತಿದ್ದಳು. ವೈನಿ ಕೊಡ ಹಿಡಿದು ಪಕ್ಕದಲ್ಲಿ ಹಾದು ಹೋಗುವಾಗ ಅವಳು ತಲೆ ಎತ್ತಿ, ಬಾಯಿಯ ಒಂದು ಮೂಲೆಯನ್ನು ಮೇಲಕ್ಕೆಳೆದು, ಗಂಟಲಿನಿಂದ ದನಿ ತೆಗೆದಳು.

"ಯಾಲ ಮನಿ ಮೂಗಬೇ ಇದು, ಕೆಲೂಲಾಕಿ?"

ವೈನಿ ಕೊಡ ಕೆಳಗಿಟ್ಟು ನನ್ನತ್ತ ತಿರುಗಿದಳು. ಆಗಲೇ ನಾನು ತಲೆಯ ಮೇಲಿನ ಟವೆಲ್ಲು ತೆಗೆದುಬಿಟ್ಟಿದ್ದೆ. ಮುಖ ಮಾತ್ರ ಅದೇ ಇತ್ತು.